ನಾಲ್ಕು ತಾಲ್ಲೂಕಿಗೆ ಒಂದು ಕೋಣೆ

ಶ್ರೀರಂಗಪಟ್ಟಣ
೧೦ ಜೂನ್ ೨೦೨೪

ನಾಗಾರ್ಜುನ ಅವರಿಗೆ ಕೌಸಲ್ಯಳ ನಮಸ್ಕಾರ.

ಕಳೆದ ವಾರ ನಿಮಗೆ ಫೋನ್ ಮಾಡಿದ್ದೆ. ನಿಮ್ಮ ತಂಗಿ ಚಲುವಮ್ಮ ಎತ್ತಿಕೊಂಡರು. "ಅಣ್ಣಂಗೆ ಗಂಟಲು ಆಪರೇಷನ್ ಆಯ್ತು ಕಣಕ್ಕ. ಜೀವ ಉಳೀತು, ಮಾತು ಓಯ್ತು" ಅಂದರು. ನಾನು, ಹುಬ್ಬಳ್ಳಿಯಲ್ಲಿ ಮಳೆ ಬಂತಾ ಅಂತ ಕೇಳಿದೆ. ನೀವು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಿರಂತೆ. ಮರುದಿನ ಮೊಬೈಲಿಗೆ ಎರಡು ಸಾಲು ಕಳಿಸಿದೆ. ನೀವು "ಚೆನ್ನಾಗಿದ್ದೀನಿ" ಅಂತ ಒಂದು ಪದ ಕಳಿಸಿದಿರಿ. ಇಡೀ ನಾಗಮಂಗಲಕ್ಕೆ ಕೇಳುವ ಹಾಗೆ ಮಾತಾಡುತ್ತಿದ್ದವರು ಒಂದು ಪದಕ್ಕೆ ಸುಮ್ಮನಾಗಬಾರದು. ಅದಕ್ಕೇ ಈ ಕಾಗದ.

ಒಂದು ಸುದ್ದಿ. ನಮ್ಮ ನೀರು ಸರಬರಾಜು ನಿಗಮದವರು ಹೊಸದೊಂದು ಆಫೀಸು ಕಟ್ಟು ಅಂತ ನನ್ನನ್ನು ಇಲ್ಲಿಗೆ ಹಾಕಿದ್ದಾರೆ. ಆದೇಶದಲ್ಲಿ ಇದರ ಹೆಸರು 'ಯೋಜನಾ ನಿರ್ವಹಣಾ ಕಚೇರಿ'. ಹಳೇ ಪೈಪಿನ ಉಗ್ರಾಣದ ಮೇಲಿನ ಕೋಣೆ ಕೊಟ್ಟಿರುವುದರಿಂದ ಎಲ್ಲರ ಬಾಯಲ್ಲೂ ಇದು 'ಮಹಡಿ ಆಫೀಸು'. ಕಿಟಕಿ ತೆರೆದರೆ ಹೆದ್ದಾರಿಯ ಲಾರಿಗಳ ಸದ್ದು, ಮುಚ್ಚಿದರೆ ಸೆಕೆ.

ಕೆಲಸ ನಿಮಗೆ ಗೊತ್ತಿರುವುದೇ. ನದಿಯಿಂದ ನೀರೆತ್ತಿ ಪಾಂಡವಪುರದ ಮೇಲಾಗಿ ನಾಗಮಂಗಲದ ಹಳ್ಳಿಗಳಿಗೆ ಒಂದು ಸಾಲು, ಕೆ.ಆರ್. ಪೇಟೆಯ ಕಡೆಗೆ ಒಂದು ಕವಲು. ಶ್ರೀರಂಗಪಟ್ಟಣವೂ ಸೇರಿ ನಾಲ್ಕು ತಾಲ್ಲೂಕು. ನಾಲ್ಕು ಕಡೆ ನಾಲ್ವರು ಎಂಜಿನಿಯರುಗಳು ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ, ಇಡೀ ಯೋಜನೆ ಎಲ್ಲಿಗೆ ಬಂತು ಅಂತ ಯಾರಿಗೂ ಗೊತ್ತಿಲ್ಲ. ಗುಂಡಿ ತೋಡಿದ ಕಡೆ ಪೈಪಿಲ್ಲ, ಪೈಪು ಬಿದ್ದಿರುವ ಕಡೆ ತೋಡಿಲ್ಲ. ಬೂಕನಕೆರೆ ಹತ್ತಿರ ನೀರಿನ ಟ್ಯಾಂಕು ಬಣ್ಣ ಹೊಡೆಸಿಕೊಂಡು ನಿಂತಿದೆ, ಪಂಪಿಗೆ ಕರೆಂಟೇ ಬಂದಿಲ್ಲ.

ನಾವಿಬ್ಬರೂ ಒಂದೇ ವರ್ಷ ನಾಗಮಂಗಲದಲ್ಲಿ ಕೆಲಸಕ್ಕೆ ಸೇರಿದಾಗಲೇ ನೀವು ಹೇಳುತ್ತಿದ್ದಿರಿ, "ಇದುನ್ನೆಲ್ಲ ಒಂದ್ಕಡೆ ಕೂತು ನೋಡೋರು ಬೇಕು ಕಣ್ರೀ" ಅಂತ. ಈಗ ಕೂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಫೋನಿನಲ್ಲಿ ಉತ್ತರ ಬೇಡ. ಬರೆಯಿರಿ.

ಕಾಯುತ್ತಿರುವ
ಕೌಸಲ್ಯ


ಹುಬ್ಬಳ್ಳಿ
೨ ಜುಲೈ ೨೦೨೪

ಕೌಸಲ್ಯ ಮೇಡಮ್ಮೋರಿಗೆ,

ನಿಮ್ಮ ಕಾಗದ ಬಂತು. ಚಲುವಿ ಓದ್ಲಾ ಅಂದ್ಳು. ಕೊಡಲಿಲ್ಲ.

ನಾನು ಇಂಗೇ ನಮ್ಮೂರ ಮಾತ್ನಲ್ಲೇ ಬರೀತೀನಿ, ಬೇಜಾರ್ ಮಾಡ್ಕೋಬ್ಯಾಡಿ. ಬಾಯಲ್ಲಿ ಇಲ್ದಿದ್ರೂ ಕಾಗದದ ಮ್ಯಾಲಾದ್ರೂ ಇರ್ಲಿ. ಭಾವ ರೈಲ್ವೇಲಿ ಅವ್ರೆ, ಮನೆ ಚೆಂದಾಗೈತೆ, ಮಕ್ಕಳು 'ಮಾವಾ, ಮಾವಾ' ಅಂತ ಪ್ರೀತಿಯಾಗವೆ. ಆದ್ರೆ ಬೀದೀಲಿ ಯಾರಾದ್ರೂ "ಯಾಕಪ್ಪೋ, ಎಲ್ಲಿಗೋಯ್ತಿದ್ದೀಯೆ" ಅನ್ನೋದು ಕೇಳ್ಬೇಕು ಅನ್ಸುತ್ತೆ. ಇಲ್ಲಿಯೋರ ಮಾತೂ ಚೆಂದವೆ. ನಮ್ದಲ್ಲ, ಅಷ್ಟೆ.

ಆಫೀಸಿನ ವಿಚಾರ ಏಳ್ತೀನಿ. ಮೊದಲ್ನೇ ದಿವ್ಸವೇ ನೀವು ವರದಿ ಕೇಳಿದ್ರೆ ಕೆಟ್ರಿ. ಅವ್ರು ಈಗ್ಲೇ ಜಿಲ್ಲೆಗೊಂದು, ಬೆಂಗ್ಳೂರಿಗೊಂದು, ಶಾಸಕರ ಪಿ.ಎ.ಗೊಂದು ಅಂತ ಬರ್ದೂ ಬರ್ದೂ ಸಾಕಾಗವ್ರೆ. ನೀವು ಇನ್ನೊಬ್ರು ಕೇಳೋರಾದ್ರೆ ಅವ್ರಿಗೆ ನಿಮ್ಮಿಂದ ಏನು ಲಾಭ? ಮೊದ್ಲು ಓಗಿ. ಗುಂಡಿ ತೋಡ್ತಿರೋ ಜಾಗಕ್ಕೋಗಿ ನಿಂತ್ಕಳಿ. ಯಾವುದಾದ್ರೂ ಒಂದು ತಲೆನೋವು, ಅವ್ರ ಕೈಯಲ್ಲಿ ಆಗ್ದೆ ಇರೋದು, ಅದುನ್ನ ನೀವು ಎತ್ಕಂಡು ಬಗೆಹರಿಸ್ಬುಡಿ. ಆಮೇಲೆ ಅವ್ರೇ ನಿಮ್ಮ ಮಹಡಿ ಮೆಟ್ಲು ಏರ್ಕಂಡು ಬತ್ತಾರೆ.

ನೀವು ನಾಗಮಂಗಲದ ಕಪ್ಪು ಕಲ್ಲಿನ ದಾರೀಲಿ ನನ್ನ ಸ್ಕೂಟರ್ ಇಂದೆ ಕೂತ್ಕಂಡು, ಒಂದು ಕೈಯಲ್ಲಿ ನಕ್ಷೆ, ಒಂದು ಕೈಯಲ್ಲಿ ಛತ್ರಿ ಇಡ್ಕಂಡು ಬತ್ತಿದ್ರಲ್ಲ, ಅಂಗೇ ಓಡಾಡಿ. ನಿಮಗೆ ಓಡಾಟವೇ ಚೆಂದ.

ಇಷ್ಟು ಬರ್ದಿದ್ದಕ್ಕೆ ಮಾತಾಡ್ದಂಗೇ ಆಯ್ತು.

ನಾಗಾರ್ಜುನ


ಶ್ರೀರಂಗಪಟ್ಟಣ
೧೯ ಆಗಸ್ಟ್ ೨೦೨೪

ನಾಗಾರ್ಜುನ ಅವರೇ,

ನೀವು ಹೇಳಿದಂತೆ ಮಾಡಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಸಿಕ್ಕಿತು, ನೀವು ಹೇಳಿದ ಆ ಒಂದು ತಲೆನೋವು.

ಅಲ್ಲಿ ಪಂಚಲಿಂಗೇಶ್ವರ ದೇವಸ್ಥಾನದ ಹತ್ತಿರ ಪೈಪು ಹಾದುಹೋಗಬೇಕು. ಸಂರಕ್ಷಿತ ಗುಡಿ, ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಅಗೆಯುವ ಹಾಗಿಲ್ಲ. ಹೋದ ವರ್ಷದಿಂದ ಕೆಲಸ ನಿಂತಿದೆ. ವಿಚಾರಿಸಿದರೆ ತಪ್ಪು ನಮ್ಮ ಕಡೆಯದೇ. ಅರ್ಜಿಯ ಜೊತೆ ಹೋಗಿದ್ದು ಪಕ್ಕದ ಊರಿನ ನಕ್ಷೆ! ನಾನೇ ಅಲ್ಲಿ ಟೇಪು ಹಿಡಿಸಿ ಅಳೆಸಿದೆ. ದಾರಿಯನ್ನು ಗುಡಿಯಿಂದ ದೂರಕ್ಕೆ ಸರಿಸಿ ಹೊಸ ನಕ್ಷೆ ಬರೆಸಿ, ಖುದ್ದಾಗಿ ತೆಗೆದುಕೊಂಡು ಹೋಗಿ ಕೊಟ್ಟು ಬಂದೆ. ಶುಕ್ರವಾರ ಅನುಮತಿ ಬಂತು.

ಸೋಮವಾರ ನಾಗಮಂಗಲದ ಕರಿಯಯ್ಯ ಮಹಡಿಗೆ ಬಂದರು. ನಿಮಗೆ ಅವರು ಗೊತ್ತಿಲ್ಲ, ನೀವು ಕೆಲಸ ಬಿಟ್ಟು ಹೋದ ಮೇಲೆ ಬಂದವರು. ನಿವೃತ್ತಿಗೆ ಹತ್ತಿರ, ಮಾತು ಒರಟು. ಮೊದಲ ಸಲ ನಾನು ಅವರ ಆಫೀಸಿಗೆ ಹೋದಾಗ "ಏನ್ ಮೇಡಂ, ನೀವೂ ಒಂದು ಫಾರಂ ತಂದ್ರಾ?" ಅಂದಿದ್ದರು. ಈಗ ಬಂದು ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ, "ಅದ್ಯಾವ್ದೋ ಗುಡಿ ತಾವ್ಲಿಂದು ಮಾಡ್ಕೊಟ್ರಂತೆ. ನಂದೂ ಒಂದೈತೆ, ನೋಡ್ತೀರಾ?" ಅಂದರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಫೈಲ್ ಕೊಡಿ ಅಂದೆ, ಅಷ್ಟೇ.

ಗೋಡೆಗೆ ಒಂದು ದೊಡ್ಡ ಹಲಗೆ ಹಾಕಿಸಿದ್ದೇನೆ. ನಾಲ್ಕೂ ತಾಲ್ಲೂಕಿನ ಕೆಲಸ ಅದರ ಮೇಲಿದೆ. ಸರಿಯಾಗಿ ನಡೆಯುತ್ತಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಪ್ರತಿ ಸೋಮವಾರ ಅವರವರ ಬಣ್ಣ ಅವರವರೇ ಅಂಟಿಸಬೇಕು. ಮೊದಲ ತಿಂಗಳು ಗೋಡೆ ಪೂರ್ತಿ ಹಸಿರು, ಆಷಾಢದ ಗದ್ದೆಯ ಹಾಗೆ. ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಇದಕ್ಕೇನು ಮಾಡಲಿ?

ಛತ್ರಿ ವಿಷಯ ಬರೆದಿದ್ದೀರಿ. ಅದನ್ನು ಹಿಡಿಯುತ್ತಿದ್ದದ್ದು ನಕ್ಷೆ ನೆನೆಯಬಾರದು ಅಂತ. ನೀವು ಪೂರ್ತಿ ನೆನೆಯುತ್ತಿದ್ದಿರಿ, ಒಂದು ದಿನವೂ ಕೇಳಲಿಲ್ಲ.

ನಮಸ್ಕಾರಗಳೊಂದಿಗೆ
ಕೌಸಲ್ಯ


ಹುಬ್ಬಳ್ಳಿ
೧೫ ಸೆಪ್ಟೆಂಬರ್ ೨೦೨೪

ಕೌಸಲ್ಯ ಮೇಡಮ್ಮೋರಿಗೆ,

ಹಸಿರಿಗೆ ಔಷಧಿ ಕೇಳಿದ್ದೀರಿ. ಜನ ಯಾಕೆ ಹಸಿರು ಅಂಟಿಸ್ತಾರೆ? ಕೆಂಪು ಅಂಟಿಸ್ದೋನಿಗೆ ಉಗೀತಾರೆ ಅಂತ. ನಿಮ್ಮ ಕೋಣೇಲಿ ಮೊದಲ್ನೇ ಕೆಂಪು ಅಂಟಿಸ್ದೋರು ಯಾರೇ ಆಗ್ಲಿ, ಎಲ್ರ ಮುಂದೇನೇ ಕೂರ್ಸಿ, ನೀವೇ ಕೈಯಾರೆ ಕಾಫಿ ಕೊಟ್ಟು, "ಬೇಗ ಏಳಿದ್ರಿ, ಒಳ್ಳೇದಾಯ್ತು, ನನ್ನಿಂದ ಏನಾಗ್ಬೇಕು" ಅಂತ ಕೇಳಿ. ಆಮೇಲೆ ಮ್ಯಾಲಿನೋರು ಬೈಯಾಕೆ ಬಂದ್ರೆ ಅಡ್ಡ ನಿಂತ್ಕಳಿ. ಅಡ್ಡ ನಿಲ್ದೆ ಇದ್ರೆ ಕಾಫಿ ದಂಡ.

ನಂಗೆ ಡಾಕ್ಟ್ರು ಒಂದು ಯಂತ್ರ ಕೊಟ್ಟವ್ರೆ. ಕತ್ತಿಗೆ ಇಟ್ಕಂಡ್ರೆ ಮಾತು ಬತ್ತದೆ, ಆದ್ರೆ ಅದು ನನ್ನ ಮಾತಲ್ಲ, ಗಿರಣಿ ತಿರುಗ್ದಂಗೆ. ತರಕಾರಿ ಅಂಗಡೀಲಿ ಒಂದ್ಸಲ ಇಟ್ಕಂಡು ಬದನೆಕಾಯಿ ಅಂದೆ. ಅಂಗಡಿಯೋನ ಎಂಡ್ರು ಪಾಪ ಎದ್ರುಕೊಂಡುಬುಟ್ಟು ಎದ್ದು ನಿಂತ್ಕಂಡ್ಳು. ಅವತ್ತಿಂದ ಬೀರೂಲಿ ಮಡಗಿದ್ದೀನಿ.

ದಿನಾ ಸಂಜೆ ಒಂದು ಕೆರೆ ತಾವ ಓಗಿ ಕೂತ್ಕತೀನಿ. ನೀರು ನಿಂತಿರುತ್ತೆ. ನಮ್ಮ ಪಾಂಡವಪುರದ ನಾಲೆ ಅರಿಯೋ ಸದ್ದು ಇದ್ರಲ್ಲಿಲ್ಲ.

ನಿಮ್ಮ ತಂದೆ ಶ್ರೀಕಂಠಯ್ಯನೋರು ಚೆಂದಾಗವ್ರಾ? ಒಂದ್ಸಲ ನಕ್ಷೆ ಕೊಡಾಕೆ ನಿಮ್ಮನೇಗೆ ಬಂದಿದ್ದೆ, ಗುಡಿ ಇಂದಲ ಬೀದೀಗೆ. "ಯಾವೂರಪ್ಪಾ, ಯಾರ ಪೈಕಿ?" ಅಂದ್ರು. ಏಳ್ದೆ. ಬಾಳ ಒಳ್ಳೇವ್ರು. ಕಾಫಿ ಜಗುಲೀಗೇ ತರಿಸ್ಕೊಟ್ರು.

ಮುಂದಿನ್ ತಿಂಗ್ಳೇ ನಿಮ್ಮ ಮದುವೆ ಕಾಗದ ಬಂತು.

ನಾಗಾರ್ಜುನ


ಶ್ರೀರಂಗಪಟ್ಟಣ
೨೪ ನವೆಂಬರ್ ೨೦೨೪

ನಾಗಾರ್ಜುನ ಅವರೇ,

ಅಪ್ಪ ಹೋಗಿ ಎಂಟು ವರ್ಷವಾಯಿತು. ನನ್ನ ಯಜಮಾನರು ಸುಧೀಂದ್ರ ಹೋಗಿ ನಾಲ್ಕು. ಸುಧೀಂದ್ರರ ಕಾರ್ಯಕ್ಕೆ ನೀವು ಬಂದು ಗೇಟಿನ ಹತ್ತಿರ ನಿಂತು ಹೋದದ್ದು ನೋಡಿದ್ದೆ. ನನ್ನ ಸಂಸಾರ ಚೆನ್ನಾಗಿತ್ತು. ಅವರನ್ನು ದೂರುವ ಒಂದು ಮಾತೂ ನನ್ನಲ್ಲಿಲ್ಲ. ಇಷ್ಟು ನಿಮಗೆ ಹೇಳಬೇಕು.

ಜಗುಲಿಯ ಸಂಗತಿ ಬರೆದಿದ್ದೀರಿ. ನೀವು ಕುಡಿದಿಟ್ಟ ಲೋಟವನ್ನು ಒಳಗೆ ತಂದವಳು ನಾನು.

ಈಗ ಆಫೀಸಿನದು. ಮೊದಲ ಕೆಂಪು ಬಂತು. ಅಂಟಿಸಿದವಳು ಪಾಂಡವಪುರದ ಸಹನ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿಲ್ಲ. ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ಮುಖ್ಯ ಸಾಲಿಗೆ ಒತ್ತಡದಲ್ಲಿ ನೀರು ತುಂಬಿಸಿ ಪರೀಕ್ಷೆ ಮಾಡಿದಾಗ ಜೋಡಣೆಗಳು ಸೋರಿವೆ. ಒಂದಲ್ಲ, ಸಾಲುಸಾಲಾಗಿ. ಮಣ್ಣು ಮುಚ್ಚಿ ಆಗಿದೆ, ಮತ್ತೆ ತೆಗೆಸಬೇಕು. ಕೆಂಪು ಚೀಟಿಯನ್ನು ಅವಳು ಒಮ್ಮೆ ಅಂಟಿಸಿ ಕಿತ್ತು, ಮತ್ತೆ ಅಂಟಿಸಿದಳು. ನಾನೇ ಕಾಫಿ ತಂದುಕೊಟ್ಟೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಇನ್ನೇನು ಬೈಯುತ್ತಾರೆ ಅಂತ.

ಕಷ್ಟ ಏನೆಂದರೆ, ಡಿಸೆಂಬರ್ ಕೊನೆಗೆ ಉದ್ಘಾಟನೆ ನಿಗದಿಯಾಗಿಬಿಟ್ಟಿದೆ. ಮುಖ್ಯ ಎಂಜಿನಿಯರ್ ಸಾಹೇಬರು ಫೋನ್ ಮಾಡಿ, "ಕೌಸಲ್ಯ, ಅದನ್ನ ಹಳದಿ ಮಾಡಿ. ಆ ದಿನ ಒಂದು ನಲ್ಲಿಯಲ್ಲಿ ನೀರು ಬಂದರೆ ಸಾಕು, ಟ್ಯಾಂಕರಿನಲ್ಲಿ ತುಂಬಿಸೋಣ" ಅಂದರು. ಆಗಲ್ಲ ಸಾರ್ ಅಂದೆ. "ನಿಮ್ಮ ಆಫೀಸು ಮಾರ್ಚಿನ ತನಕ ಮಾತ್ರ ಮಂಜೂರಾಗಿರೋದು, ನೆನಪಿದೆಯಾ?" ಅಂದರು.

ಡಿಸೆಂಬರ್ ಇಪ್ಪತ್ತಕ್ಕೆ ಅವರೇ ಇಲ್ಲಿಗೆ ಬಂದು ಪರಿಶೀಲನಾ ಸಭೆ ನಡೆಸುತ್ತಾರೆ. ನನಗೆ ಹೆದರಿಕೆಯಾಗಿದೆ. ನೀವು ಬನ್ನಿ. ಸಲಹೆಗಾರರು ಅಂತ ಕರೆಸಿಕೊಳ್ಳಲು ನನಗೆ ಅಧಿಕಾರವಿದೆ. ನೀವು ಮಾತಾಡಬೇಕಿಲ್ಲ. ಆ ಕೋಣೆಯಲ್ಲಿ ಒಂದು ಕುರ್ಚಿಯಲ್ಲಿ ಕೂತಿದ್ದರೆ ಸಾಕು.

ದಾರಿ ನೋಡುತ್ತಿರುವ
ಕೌಸಲ್ಯ


ಶ್ರೀರಂಗಪಟ್ಟಣ
೬ ಜನವರಿ ೨೦೨೫

ನಾಗಾರ್ಜುನ ಅವರೇ,

ಉತ್ತರ ಬರಲಿಲ್ಲ. ನೀವೂ ಬರಲಿಲ್ಲ. ಆರೋಗ್ಯ ಹೇಗಿದೆಯೋ ಅಂತ ಚಲುವಮ್ಮನಿಗೆ ಫೋನ್ ಮಾಡಿದೆ. ಚೆನ್ನಾಗಿದ್ದಾರೆ ಅಂದು ಬೇಗ ಫೋನ್ ಇಟ್ಟುಬಿಟ್ಟರು.

ಸಭೆ ಆಯಿತು. ನಿಮಗಾಗಿ ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿಸಿದ್ದೆ. ಯಾರೋ ಅದರ ಮೇಲೆ ನೀರಿನ ಬಾಟಲಿಗಳನ್ನು ಇಟ್ಟರು.

ಸಾಹೇಬರು ಹಲಗೆ ನೋಡಿದವರೇ "ಈ ಕೆಂಪು ಹಾಕಿದ್ದು ಯಾರು?" ಅಂದರು. ಸಹನ ಏಳಲು ಹೋದಳು. ನಾನು ಮೊದಲೇ ಎದ್ದು "ನಾನು" ಅಂದೆ. ಆಗ ಕರಿಯಯ್ಯ ಎದ್ದು ಹೋಗಿ ತಮ್ಮ ಹಸಿರು ಚೀಟಿಯೊಂದನ್ನು ಕಿತ್ತು, "ಸಾರ್, ನಂದೂ ಒಂದು ಕೆಂಪೈತೆ. ಇಷ್ಟು ದಿನ ಮುಚ್ಚಿಟ್ಕಂಡಿದ್ದೆ" ಅಂದರು. ಅವರ ಹಿಂದೆ ಕೆ.ಆರ್. ಪೇಟೆಯವರೂ ಎದ್ದರು. ಸಭೆ ಮುಗಿಯುವಷ್ಟರಲ್ಲಿ ಹಲಗೆಯಲ್ಲಿ ಅರ್ಧ ಕೆಂಪು. ಸಾಹೇಬರು ಕೆಂಪು ಚೀಟಿಗಳನ್ನು ಒಂದೊಂದಾಗಿ ಎಣಿಸಿ, "ಹಾಗಾದರೆ ಇದು ಯಾವಾಗ ಮುಗಿಯುತ್ತೆ, ನಿಜ ಹೇಳಿ" ಅಂದರು. ಅಲ್ಲಿಂದ ಸಭೆ ಶುರುವಾಯಿತು ಅನ್ನಬೇಕು. ಉದ್ಘಾಟನೆ ಮುಂದಕ್ಕೆ ಹೋಗಿದೆ. ಪಾಂಡವಪುರದಲ್ಲಿ ಮಣ್ಣು ತೆಗೆಯುತ್ತಿದ್ದಾರೆ.

ಎಲ್ಲರೂ ಇಳಿದು ಹೋದ ಮೇಲೆ ಬಾಟಲಿಗಳನ್ನು ತೆಗೆದು ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ.

ಕೌಸಲ್ಯ


ಹುಬ್ಬಳ್ಳಿ
೨ ಫೆಬ್ರುವರಿ ೨೦೨೫

ಕೌಸಲ್ಯ ಅವರಿಗೆ,

ನೀವು ಸಭೆ ವಿಚಾರ ಬರ್ದಿದ್ದೀರಿ. ಒಂದು ಬುಟ್ಟಿದ್ದೀರಿ. "ನಾನು" ಅಂದ್ಮೇಲೆ ನೀವು ಇನ್ನೊಂದು ಮಾತೂ ಏಳಿದ್ರಿ. "ಸಾರ್, ನಾಗಮಂಗಲದ ಜನ ಒಂದಿನದ ನೀರಿಗೆ ಕಾಯ್ತಾ ಇಲ್ಲ" ಅಂತ. ಧ್ವನಿ ಒಂಚೂರು ನಡುಗ್ತು. ಆಮೇಲೆ ನೆಟ್ಟಗಾಯ್ತು.

ನಾನು ಬಂದಿದ್ದೆ ಕಣ್ರೀ.

ಮೈಸೂರಿನ್ಗಂಟ ರೈಲು, ಅಲ್ಲಿಂದ ಬಸ್ಸು. ಒಗೆದ ಅಂಗಿ, ಜೋಬಲ್ಲಿ ಆ ಯಂತ್ರ. ಪಟ್ಟಣದಲ್ಲಿ ಇಳಿದ್ರೆ ಕಬ್ಬಿನ ಗಾಡಿ ಇಂದೆ ಯಾರೋ ಯಾರಿಗೋ "ಲೇ, ಆ ಕಡೀಕೆ ಓಗ್ಲಾ" ಅಂತ ಕೂಗ್ತಾವ್ರೆ. ಅಲ್ಲೇ ನಿಂತು ಎರಡೆರಡು ಸಲ ಕೇಳಿಸ್ಕಂಡೆ. ನಿಮ್ಮ ಉಗ್ರಾಣ ಉಡುಕ್ಕೊಂಡು ಬಂದು ಮೆಟ್ಲು ಏರಿದ್ದೂ ಏರಿದ್ದೆ. ಬಾಗ್ಲು ಅರ್ಧ ತೆಗ್ದಿತ್ತು. ಸಾಹೇಬ್ರು ಜೋರು ಮಾಡ್ತಿದ್ರು.

ಒಳೀಕೆ ಬಂದಿದ್ರೆ ಎಲ್ರೂ ತಿರುಗಿ ನೋಡೋರು. ಯಾರು ಅನ್ನೋರು. ಆಗ ನಾನು ಕತ್ತಿಗೆ ಯಂತ್ರ ಇಟ್ಕಂಡು ಎಸ್ರು ಏಳ್ಬೇಕಿತ್ತು. ನಿಮ್ಮ ಮುಂದೆ. ನಿಮ್ಮ ಕಿವೀಲಿ ನನ್ನ ಅಳೇ ಧ್ವನಿ ಐತಲ್ಲ, ಅದಾದ್ರೂ ಉಳೀಲಿ ಅನ್ನುಸ್ತು. ಅದು ಇರೋದು ಅಲ್ಲೊಂದೇ ಕಡೆ.

ಸಭೆ ಮುಗಿಯೋಗಂಟ ಮೆಟ್ಲಲ್ಲೇ ನಿಂತಿದ್ದೆ. ಕುರ್ಚಿ ಎಳೆಯೋ ಸದ್ದು ಕೇಳ್ತಿದ್ದಂಗೆ ಇಳಿದುಬುಟ್ಟೆ. ಇದುನ್ನ ಏಳ್ಬಾರ್ದು ಅಂತಿದ್ದೆ, ಅದಕ್ಕೇ ಕಾಗದ ಬರೀಲಿಲ್ಲ. ನೀವು ಆ ಕುರ್ಚೀಲಿ ಕೂತ್ಕಂಡೆ ಅಂತ ಬರ್ದ್ರಲ್ಲ, ಅದುನ್ನ ಓದಿದ್ ಮ್ಯಾಲೆ ಬಚ್ಚಿಡಾಕೆ ಆಗ್ನಿಲ್ಲ.

ಆಫೀಸ್ನ ಚೆನ್ನಾಗಿ ಕಟ್ಟಿದ್ದೀರಿ. ಕಿವಿಯಾರೆ ಕೇಳಿದ್ದೀನಿ.

ನಾಗಾರ್ಜುನ


ಶ್ರೀರಂಗಪಟ್ಟಣ
೨೦ ಏಪ್ರಿಲ್ ೨೦೨೫

ನಾಗಾರ್ಜುನ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಅದು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ. ಕೆಲಸದ ಸುದ್ದಿಯನ್ನು ಮೊದಲು ಹೇಳಿ ಮುಗಿಸುತ್ತೇನೆ.

ಮಾರ್ಚ್ ಎರಡನೇ ವಾರ ನಾಗಮಂಗಲದ ಹಳ್ಳಿಗಳಿಗೆ ನೀರು ಹತ್ತಿತು. ಹಾರ ತುರಾಯಿ ಏನೂ ಇರಲಿಲ್ಲ. ಕರಿಯಯ್ಯ ಮತ್ತೆ ಸಹನ ವಾಲ್ವ್ ತಿರುಗಿಸಿದರು, ನಾನು ಒಂದು ಊರಿನ ಬೀದಿ ನಲ್ಲಿಯ ಹತ್ತಿರ ನಿಂತಿದ್ದೆ. ಮಂಚಮ್ಮ ಅಂತ ಒಬ್ಬ ಅಜ್ಜಿ ಬೊಗಸೆಯಲ್ಲಿ ಕುಡಿದು, ಮುಖ ಕಿವಿಚಿ, "ಸಪ್ಪೆ ಕಣವ್ವ" ಅಂದರು. ಹುಟ್ಟಿದಾಗಿನಿಂದ ಉಪ್ಪುನೀರು ಕುಡಿದ ಬಾಯಿ. ಕರಿಯಯ್ಯನವರ ಮುಖ ಪೆಚ್ಚಾಯಿತು. ಅಜ್ಜಿ ಇನ್ನೊಂದು ಬೊಗಸೆ ಹಿಡಿದರು, ಮತ್ತೊಂದು. ಆಮೇಲೆ ಬಿಂದಿಗೆ ತರಲು ಹೋದರು.

ಆಫೀಸನ್ನು ಮುಚ್ಚುವ ಆದೇಶ ತಯಾರಾಗಿತ್ತು. ನಾಲ್ಕೂ ತಾಲ್ಲೂಕಿನವರು ನನಗೆ ಹೇಳದೆ, ತಮಗೆ ಈ ಮಹಡಿ ಬೇಕು ಅಂತ ಬೆಂಗಳೂರಿಗೆ ಬರೆದರಂತೆ. ಮುಂದುವರಿಸಿ ಅಂತ ಸಹಿ ಹಾಕಿದವರು ಅದೇ ಸಾಹೇಬರು.

ಏಪ್ರಿಲ್ ಮೊದಲಿಗೆ ಮೈಸೂರಿನಲ್ಲಿ ನನ್ನ ಮಗಳು ಪ್ರಜ್ಞಳಿಗೆ ಡೆಂಗೀ ಜ್ವರ ಬಂತು. ಎರಡು ವಾರ ರಜೆ ಹಾಕಿ ಅವಳ ಹಾಸಿಗೆಯ ಪಕ್ಕ ಇದ್ದೆ. ಈಗ ಗುಣವಾಗಿದ್ದಾಳೆ. ಇಲ್ಲಿ ಎಲ್ಲ ಏನಾಗಿದೆಯೋ ಅಂತ ಹೆದರಿಕೊಂಡು ವಾಪಸು ಬಂದರೆ, ಸೋಮವಾರದ ಸಭೆಯನ್ನು ಸಹನ ನಡೆಸುತ್ತಿದ್ದಾಳೆ. ಹೊಸದೊಂದು ಕೆಂಪು ಬಂದು, ಹಳದಿಯಾಗಿ, ಹಸಿರೂ ಆಗಿತ್ತು. ನನ್ನ ಮೇಜಿನ ಮೇಲೆ ಕಾದಿದ್ದ ಫೈಲು ಒಂದೂ ಇಲ್ಲ. ಖುಷಿಯಾಯಿತು. ಆ ಖುಷಿಯಲ್ಲೇ ಒಂದು ಚೂರು ನೋವೂ ಆಯಿತು, ಸುಳ್ಳು ಹೇಳುವುದಿಲ್ಲ. ಒಳಗೆ ಹೋಗದೆ ಹಿಂದಕ್ಕೆ ಬಂದು ಮೆಟ್ಟಿಲಲ್ಲಿ ನಿಂತೆ, ನೀವು ನಿಂತಿದ್ದ ಕಡೆ. ಒಳಗಿನ ಮಾತೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ. ಅಷ್ಟು ಹತ್ತಿರ. ಕೈ ಚಾಚಿದರೆ ಬಾಗಿಲು.

ನಿಮ್ಮ ಹಳೇ ಧ್ವನಿ ನನ್ನ ಕಿವಿಯಲ್ಲಿ ಉಳಿಯಲಿ ಅಂತ ಇಳಿದು ಹೋದೆ ಅಂದಿರಿ. ಧ್ವನಿ ಇಟ್ಟುಕೊಂಡು ನಾನೇನು ಮಾಡಲಿ? ಅದು ಇದ್ದಾಗ ಹೇಳಬೇಕಾದದ್ದನ್ನು ನೀವು ಹೇಳಲಿಲ್ಲ. ನಾನೂ ಹೇಳಲಿಲ್ಲ. ಜಗುಲಿಯ ತನಕ ಬಂದಿರಿ, ಗೇಟಿನ ತನಕ ಬಂದಿರಿ, ಮೆಟ್ಟಿಲ ತನಕ ಬಂದಿರಿ. ನಾನು ಪ್ರತಿ ಸಲವೂ ಒಳಗೇ ಇದ್ದೆ.

ಹೋದ ಜೂನಿನಿಂದ ನಿಮಗೆ ಬರೆದ ಪ್ರತಿ ಕಾಗದದಲ್ಲೂ ಆಫೀಸಿನ ನೆಪ ಹೇಳಿಕೊಂಡೆ. ನಿಮ್ಮನ್ನು ಕರೆದಾಗಲೂ ಸಲಹೆಗಾರರಾಗಿ ಬನ್ನಿ ಅಂದೆ. ಈಗ ಆ ನೆಪ ಮುಗಿಯಿತು. ಆಫೀಸು ತಾನಾಗಿ ನಡೆಯುತ್ತಿದೆ. ಅದಕ್ಕೆ ನೀವು ಬೇಕಿಲ್ಲ, ನಾನೂ ಅಷ್ಟಾಗಿ ಬೇಕಿಲ್ಲ. ನೀವು ಬೇಕಾಗಿರುವುದು ನನಗೆ.

ಪ್ರಜ್ಞಳಿಗೆ ಎಲ್ಲ ಹೇಳಿದೆ. ಅಷ್ಟೂ ಕೇಳಿಸಿಕೊಂಡು, "ಹೋಗಮ್ಮ. ಇದಕ್ಕೂ ನನ್ನ ಅನುಮತಿ ಬೇಕಾ?" ಅಂದಳು.

ಗುರುವಾರದ ಹುಬ್ಬಳ್ಳಿ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ನೀವು ಏನೂ ಮಾತಾಡಬೇಕಾಗಿಲ್ಲ. ಮಾತಾಡಬೇಕಾಗಿರುವವಳು ನಾನು, ಬಹಳ ಇದೆ. ಬರಬೇಡಿ ಅಂತ ಬರೆಯುವಷ್ಟು ಸಮಯ ನಿಮಗೆ ಕೊಟ್ಟಿಲ್ಲ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ನಾನು ರೈಲು ಹತ್ತಿರುತ್ತೇನೆ.

ಬರುತ್ತಿರುವ
ಕೌಸಲ್ಯ